ಓಕ್ ಪೀಪಾಯಿಯ ಅಗ್ರಿಕೋಲ್ ರಮ್: ರುಚಿ ನೋಡುವ ಕ್ರಮ

ನಮ್ಮಲ್ಲಿ ಸಿಗುವ ಡಾರ್ಕ್ ರಮ್ ಬಹುಪಾಲು ಕಾಕಂಬಿಯದು. ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪದ ಅಗ್ರಿಕೋಲ್ ರಮ್ಮಿಗೆ ಕಬ್ಬಿನ ಹಾಲೇ ಮೂಲ. ಅದನ್ನು ಹಸಿಯಾಗಿಯೇ ಹುದುಗಿಸಿ, ಕಾಲಂ ಸ್ಟಿಲ್ ಎಂಬ ಕಂಬದಂಥ ಬಟ್ಟಿಯಲ್ಲಿ ಶೇ. 65ರಿಂದ 75ರ ಆಲ್ಕೋಹಾಲ್ ತೀಕ್ಷ್ಣತೆಗೆ ಬಟ್ಟಿ ಇಳಿಸುತ್ತಾರೆ. 1996ರಿಂದ ಇದಕ್ಕೆ ಫ್ರಾನ್ಸಿನ ಎಒಸಿ ಮಾನ್ಯತೆ, ಅಂದರೆ ಹುಟ್ಟಿದ ಊರು ಮತ್ತು ತಯಾರಿಯ ಕ್ರಮಕ್ಕೆ ಖಾತರಿ ಕೊಡುವ ಗುರುತು ಇದೆ. ಲೇಬಲ್ ಮೇಲೆ ‘ವಿಯೂ’ ಎಂದಿದ್ದರೆ 650 ಲೀಟರಿಗಿಂತ ಚಿಕ್ಕ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕಳೆದಿದೆ ಎಂದರ್ಥ. ಅದಕ್ಕೂ ಮೇಲಿನ ದರ್ಜೆಗಳಾದ ವಿಎಸ್‌ಒಪಿಗೆ ಕನಿಷ್ಠ 4, ಎಕ್ಸ್‌ಒಗೆ 6 ವರ್ಷ. ರುಚಿ ನೋಡುವಾಗ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಪೀಪಾಯಿಯ ಮರದ ವಾಸನೆಯ ಕೆಳಗೆ ಕಬ್ಬಿನ ಕಂಪು ಇನ್ನೂ ಉಳಿದಿದೆಯೇ?

ಕೆಳಗೆ ಉಬ್ಬಿ ಬಾಯಿ ಕಿರಿದಾದ ಟ್ಯುಲಿಪ್ ಗ್ಲಾಸ್ ತೆಗೆದುಕೊಳ್ಳಿ. ಸುರಿಯುವ ಮೊದಲು ಖಾಲಿ ಗ್ಲಾಸನ್ನೇ ಒಮ್ಮೆ ಮೂಸಿ. ಬೀರುವಿನಲ್ಲಿ ಬೋರಲು ಹಾಕಿಟ್ಟ ಗ್ಲಾಸಿಗೆ ಹಲಗೆಯ ವಾಸನೆ ಹಿಡಿದಿರುತ್ತದೆ, ಆಮೇಲೆ ಅದನ್ನೇ ಓಕ್ ಎಂದು ಬರೆದುಕೊಳ್ಳುವವರುಂಟು. ಬಿಸಿನೀರಲ್ಲಿ ತೊಳೆದು ಆರಿಸಿ, 25 ಎಂಎಲ್ ಸುರಿದು, 10–15 ನಿಮಿಷ ಮುಟ್ಟದೆ ಬಿಡಿ. ಐಸ್ ಬೇಡ, ತಣ್ಣಗಾದರೆ ಕಂಪು ಮುದುಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೋಣೆ 30 ಡಿಗ್ರಿ ದಾಟಿದ್ದರೆ ಬಾಟಲಿಯನ್ನು ಹತ್ತು ನಿಮಿಷ ತಣ್ಣೀರಲ್ಲಿಡಿ. ಇಲ್ಲದಿದ್ದರೆ ಬರೀ ಸ್ಪಿರಿಟ್ ಘಾಟು ಮೂಗಿಗೇರುತ್ತದೆ.

ವೈನ್ ತಿರುಗಿಸಿದಂತೆ ಗರಗರ ತಿರುಗಿಸಬೇಡಿ. ಗ್ಲಾಸನ್ನು ವಾಲಿಸಿ, ಒಂದು ಸುತ್ತು ಗೋಡೆ ಒದ್ದೆ ಮಾಡಿದರೆ ಸಾಕು. ಮೊದಲು ಗಲ್ಲದ ಮಟ್ಟದಲ್ಲಿ, ಆಮೇಲೆ ಕೆಳತುಟಿಯ ಬಳಿ, ಕೊನೆಗೆ ಮೂಗಿನ ಬಳಿ ಹಿಡಿಯಿರಿ. ಬಾಯಿ ತುಸು ತೆರೆದಿರಲಿ. ಆಲೆಮನೆಯ ಗಾಣದ ಪಕ್ಕ ನಿಂತು ಬಲ್ಲವರಿಗೆ ಹಸಿ ಕಬ್ಬು, ಹುಲ್ಲಿನ ವಾಸನೆ ಗುರುತಿಸುವುದು ಕಷ್ಟವಲ್ಲ. ಅದರ ಮೇಲೆ ಮರದ ಪದರ ಬರುತ್ತದೆ. ಬೂರ್ಬನ್ ಎಂಬ ಅಮೆರಿಕದ ವಿಸ್ಕಿ ಇಟ್ಟಿದ್ದ ಅಮೆರಿಕನ್ ಓಕ್ ವೆನಿಲ್ಲಾ, ಕೊಬ್ಬರಿಯ ಕಡೆ ವಾಲಿದರೆ, ಫ್ರೆಂಚ್ ಓಕ್ ಲವಂಗದಂಥ ಮಸಾಲೆಯನ್ನೂ ಹೆಚ್ಚು ಒಗರನ್ನೂ ಕೊಡುತ್ತದೆ. ಗೊಂದಲವಾದರೆ ಅದೇ ಡಿಸ್ಟಿಲರಿಯ ಬಿಳಿ ರಮ್ 10 ಎಂಎಲ್ ಪಕ್ಕದಲ್ಲಿಟ್ಟು ಹೋಲಿಸಿ. ಅದನ್ನು ಮೂಸಿದರೆ ಸಾಕು. ಬಿಳಿ ರಮ್ ಸಾಮಾನ್ಯವಾಗಿ ಶೇ. 50 ಅಥವಾ 55 ಇರುವುದರಿಂದ ಕುಡಿದರೆ ನಾಲಿಗೆ ಮರಗಟ್ಟುತ್ತದೆ.

ಮೊದಲ ಗುಟುಕು ಬಾಯಿಯನ್ನು ಒಗ್ಗಿಸಲು ಮಾತ್ರ, ಅದರ ಮೇಲೆ ತೀರ್ಪು ಬೇಡ. ಎರಡನೆಯದು ಒಂದು ಟೀ ಚಮಚದಷ್ಟು. ಹತ್ತು ಸೆಕೆಂಡ್ ನಾಲಿಗೆಯ ಮೇಲೆ ಹೊರಳಿಸಿ, ನುಂಗಿ, ಉಸಿರನ್ನು ಮೂಗಿನಿಂದ ಬಿಡಿ. ಸಿಹಿ ಕಡಿಮೆ ಅನಿಸಿದರೆ ಗಾಬರಿ ಬೇಡ, ಅಗ್ರಿಕೋಲ್ ಒಣ ಸ್ವಭಾವದ್ದೇ. ಶೇ. 45ರ ರಮ್ ಉರಿ ಎನಿಸಿದರೆ ನೀರು ಬೆರೆಸಿ: 25 ಎಂಎಲ್‌ಗೆ 3 ಎಂಎಲ್ ಹಾಕಿದರೆ ಸುಮಾರು ಶೇ. 40ಕ್ಕೆ ಇಳಿಯುತ್ತದೆ. ಸಿರಿಂಜಿನಲ್ಲಿ ಅರ್ಧರ್ಧ ಎಂಎಲ್ ಹಾಕುತ್ತಾ ಹೋಗಿ. ತುಸು ಮಸುಕಾದರೆ ಕೆಟ್ಟಿದೆ ಎಂದಲ್ಲ. ಸೋಸದೆ ಬಿಟ್ಟ ಎಣ್ಣೆಯಂಶ ನೀರು ತಾಗಿ ಹೊರಬಿದ್ದಿದೆ, ಅಷ್ಟೇ.

ಚಿಕ್ಕ ಪೀಪಾಯಿಯ ವಿಷಯದಲ್ಲಿ ಮೋಸಹೋಗುವುದು ಬಣ್ಣದಿಂದ. 20 ಲೀಟರಿನ ಪೀಪಾಯಿಯಲ್ಲಿ ಪ್ರತಿ ಲೀಟರಿಗೆ ತಗಲುವ ಮರ 200 ಲೀಟರಿನದಕ್ಕಿಂತ ಸುಮಾರು ಎರಡರಷ್ಟು. ಬಣ್ಣ, ವೆನಿಲ್ಲಾ, ಒಗರು ಕೊಡುವ ಟ್ಯಾನಿನ್ ಬೇಗ ಇಳಿಯುತ್ತವೆ. ಗಾಳಿಯ ಜೊತೆ ನಡೆಯುವ ನಿಧಾನದ ಮಾಗುವಿಕೆಗೆ ಮಾತ್ರ ಒಳದಾರಿ ಇಲ್ಲ. ಹಾಗಾಗಿ ಕಣ್ಣಿಗೆ ಹತ್ತು ವರ್ಷದ್ದು, ಗಂಟಲಿಗೆ ಎರಡು ವರ್ಷದ್ದು. ಗುರುತು ಹೀಗಿದೆ: ವಸಡು ಒಗರಿನಿಂದ ಬಿಗಿಯುತ್ತದೆ, ನಾಲಿಗೆಯ ಬುಡದಲ್ಲಿ ಕಹಿ ನಿಲ್ಲುತ್ತದೆ, ಮರದ ಹುಡಿಯ ವಾಸನೆ ಮುಂದಾಗುತ್ತದೆ, ಉರಿ ಮಾತ್ರ ಹಾಗೇ ಇರುತ್ತದೆ. ನೀರು ಹಾಕಿದಾಗ ಕಹಿ ಇನ್ನೂ ಎದ್ದು ಬಂದರೆ ಅನುಮಾನವೇ ಬೇಡ.

ನಿಜವಾದ ಪರೀಕ್ಷೆ ಖಾಲಿ ಗ್ಲಾಸಿನಲ್ಲಿದೆ. ತೊಳೆಯದೆ ಅರ್ಧ ಗಂಟೆ ಬಿಟ್ಟು ಮೂಸಿ, ಮರುದಿನ ಬೆಳಿಗ್ಗೆ ಇನ್ನೊಮ್ಮೆ. ಸ್ಪಿರಿಟ್ ಆರಿಹೋದ ಮೇಲೆ ಕಬ್ಬು, ಒಣಹಣ್ಣು, ತಂಬಾಕು ಉಳಿದಿದ್ದರೆ ಒಳ್ಳೆಯ ಸರಕು. ಸುಟ್ಟ ಹಲಗೆ ಮಾತ್ರ ಉಳಿದಿದ್ದರೆ ಪೀಪಾಯಿಯಲ್ಲಿ ಹೆಚ್ಚು ದಿನ ಬಿಟ್ಟಿದ್ದಾರೆ.

ಒಂದೇ ಕೂರಿಕೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಬೇಡ, ಎಳೆಯದರಿಂದ ಹಳೆಯದಕ್ಕೆ ಹೋಗಿ. ನಡುವೆ ನೀರು, ಸಪ್ಪೆ ಬ್ರೆಡ್. ಖಾರದ ಶೇಂಗಾ ದೂರವಿರಲಿ. ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಮಲಗಿಸಿದರೆ ಸ್ಪಿರಿಟ್ ಬಿರಡೆಯನ್ನು ತಿನ್ನುತ್ತದೆ. ಕಾಲು ಭಾಗಕ್ಕೆ ಇಳಿದ ಮೇಲೆ ಚಿಕ್ಕ ಬಾಟಲಿಗೆ ಬಗ್ಗಿಸಿಕೊಳ್ಳಿ.