ಗಾಡಿ ಕೀ ತಗೊಳ್ತಿಲ್ಲವಾ? ಗಾಡಿ ಎಳ್ಕೊಂಡು ಹೋಗೋ ಟ್ರಾಲಿ ಕರೆಸೋ ಮುಂಚೆ ಇಷ್ಟು ನೋಡಿ

ಬೆಂಗಳೂರಿನ ಹನುಮಂತನಗರದಲ್ಲಿ ನನ್ನದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಬೆಳಗ್ಗೆ ಆಫೀಸಿಗೆ ಹೊರಡೋ ಹೊತ್ತಲ್ಲಿ ಬರೋ ಫೋನುಗಳಲ್ಲಿ ಈ ಮಾತು ಇದ್ದೇ ಇರುತ್ತೆ: "ಅಣ್ಣಾ, ಗಾಡಿ ಕೀ ತಗೊಳ್ತಿಲ್ಲ, 'ಕೀ ನಾಟ್ ಡಿಟೆಕ್ಟೆಡ್' ಅಂತ ಬರ್ತಿದೆ. ಟ್ರಾಲಿಗೆ ಹೇಳಿಬಿಡ್ಲಾ?" ತಡೀರಿ ಅಂತೀನಿ. ಪುಷ್ ಸ್ಟಾರ್ಟ್ ಗಾಡಿಯ, ಅಂದರೆ ಬಟನ್ ಒತ್ತಿ ಸ್ಟಾರ್ಟ್ ಮಾಡೋ ಗಾಡಿಯ ಕೀ ಒಳಗೆ ಸೆಲ್ಲಿನ ಹಂಗೇ ಇಲ್ಲದ ಒಂದು ಚಿಪ್ ಇರುತ್ತೆ. ಸೆಲ್ ಪೂರ್ತಿ ಸತ್ತಿದ್ದರೂ ಆ ಚಿಪ್ ನಂಬಿ ಗಾಡಿ ಸ್ಟಾರ್ಟ್ ಮಾಡಬಹುದು. ಇದು ಗೊತ್ತಿಲ್ಲದೆ ಟ್ರಾಲಿಗೆ ದುಡ್ಡು ಸುರಿದವರನ್ನು ಕಂಡಾಗ ನನಗೆ ನಿಜವಾಗಿ ಸಂಕಟ ಆಗುತ್ತೆ.

ಮೊದಲು ಬಾಗಿಲು. ಕೀ ಪಕ್ಕದಲ್ಲೋ ಹಿಂದೆಯೋ ಒಂದು ಸಣ್ಣ ಗುಂಡಿ ಅಥವಾ ಜಾರೋ ಪಟ್ಟಿ ಇರುತ್ತೆ. ಅದನ್ನು ಸರಿಸಿದರೆ ಒಳಗಿಂದ ಕಬ್ಬಿಣದ ಕೀ ಹೊರಗೆ ಬರುತ್ತೆ. ಡ್ರೈವರ್ ಬಾಗಿಲ ಹ್ಯಾಂಡಲ್ಲಿನಲ್ಲಿ ಕೀ ತೂತು ಕಾಣದಿದ್ದರೆ ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಇರುತ್ತೆ. ಮುಚ್ಚಳದ ಕೆಳಗಡೆ ಒಂದು ಸಂದು ಇರುತ್ತೆ, ಅದಕ್ಕೆ ಇದೇ ಕೀ ತುದಿ ಹಾಕಿ ಮೆಲ್ಲಗೆ ಎತ್ತಬೇಕು. ಹೀಗೆ ತೆರೆದಾಗ ಕೆಲವು ಗಾಡಿಗಳು ಸೈರನ್ ಹೊಡೀತವೆ. ಗಾಬರಿ ಬೇಡ, ಗಾಡಿ ಕೀ ಗುರುತು ಹಿಡಿದ ಕೂಡಲೇ ನಿಲ್ಲುತ್ತೆ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿದ್ದರೆ ಸೆಕ್ಯೂರಿಟಿಯವರಿಗೆ ಒಂದು ಮಾತು ಮುಂಚೇನೇ ಹೇಳಿಬಿಡಿ.

ಒಳಗೆ ಕೂತ ಮೇಲೆ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿಯಿರಿ. ಬ್ರೇಕ್ ಪೂರ್ತಿ ಒತ್ತಿ. ಮ್ಯಾನ್ಯುಯಲ್ ಗೇರ್ ಗಾಡಿಯಾದರೆ ಕ್ಲಚ್ಚನ್ನೂ ಒತ್ತಿ. ಆಮೇಲೆ ಕೀಯಿಂದಲೇ ಬಟನ್ ಒತ್ತಿ. ಬಹಳಷ್ಟು ಗಾಡಿಗಳಲ್ಲಿ ಇಷ್ಟು ಸಾಕು. ಕೆಲವು ಗಾಡಿಗಳಲ್ಲಿ ಚಿಪ್ ಓದೋ ಜಾಗ ಬಟನ್ನಿನಲ್ಲಿ ಇರಲ್ಲ. ಕಪ್ ಹೋಲ್ಡರಿನ ತಳದಲ್ಲೋ, ಸ್ಟೇರಿಂಗ್ ಕಾಲಮ್ಮಿನ ಪಕ್ಕದಲ್ಲೋ, ಆರ್ಮ್‌ರೆಸ್ಟ್ ಡಬ್ಬಿಯೊಳಗೋ ಇರುತ್ತೆ. ನಿಮ್ಮ ಗಾಡಿಯಲ್ಲಿ ಎಲ್ಲಿ ಅಂತ ಮ್ಯಾನ್ಯುಯಲ್ ಪುಸ್ತಕದಲ್ಲಿ ಚಿತ್ರ ಸಮೇತ ಇರುತ್ತೆ. ಇವತ್ತೇ ಆ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಯಾಕಂದ್ರೆ ಬೇಕಾದ ದಿನ ಪುಸ್ತಕ ಲಾಕ್ ಆದ ಗಾಡಿಯ ಒಳಗೇ ಇರುತ್ತೆ.

ಬಟನ್ನಿಗೆ ತಾಗಿಸಿದರೆ ಸ್ಟಾರ್ಟ್ ಆಯ್ತು, ದೂರ ಇಟ್ಟರೆ ಆಗಲ್ಲ ಅಂದರೆ ತಪ್ಪು ಕೀ ಸೆಲ್ಲಿನದು, ಇಲ್ಲವೇ ಸುತ್ತಮುತ್ತಲಿನ ಗಲಾಟೆಯದು. ಹೇಗೆ ಅಂತ ಹೇಳ್ತೀನಿ. ನೀವು ಹ್ಯಾಂಡಲ್ ಮುಟ್ಟಿದಾಗ ಗಾಡಿ ಸುಮಾರು 125 ಕಿಲೋಹರ್ಟ್ಸ್‌ನಲ್ಲಿ ಕೀಯನ್ನು ಕೂಗುತ್ತೆ. ಆ ಕೂಗು ಒಂದು ಮೀಟರ್ ಆಚೀಚೆ ಮಾತ್ರ ಕೇಳಿಸುತ್ತೆ. ಕೀ ಅದಕ್ಕೆ ಓಗೊಡೋದು ಬೇರೆ ಫ್ರೀಕ್ವೆನ್ಸಿಯಲ್ಲಿ, ನಮ್ಮ ಕಡೆ ಮಾರೋ ಬಹುಪಾಲು ಗಾಡಿಗಳಲ್ಲಿ 433 ಮೆಗಾಹರ್ಟ್ಸ್. ಸೆಲ್ ಸೋತರೆ ಓಗೊಡೋಕೆ ಶಕ್ತಿ ಇರಲ್ಲ. ಪಕ್ಕದಲ್ಲಿ ಬೇರೆ ಸಿಗ್ನಲ್‌ಗಳ ಗದ್ದಲ ಇದ್ದರೆ ಕೂಗೇ ಕೇಳಿಸಲ್ಲ.

ಆ ಗದ್ದಲ ಹೆಚ್ಚಾಗಿ ನಾವೇ ಗಾಡಿಯೊಳಗೆ ತಂದಿಟ್ಟಿದ್ದು. ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್, ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್. ಕೀ ಮತ್ತು ಫೋನ್ ಒಂದೇ ಜೇಬಿನಲ್ಲಿದ್ದರೂ ಸಾಕು. ಹೋದ ಮಳೆಗಾಲದಲ್ಲಿ ಉತ್ತರಹಳ್ಳಿಯಿಂದ ಒಬ್ಬ ಮೇಡಂ ಬಂದಿದ್ದರು. ಹೊಸ ಸೆಲ್ ಹಾಕಿಸಿದ್ದಾರೆ, ಆದರೂ ದಾರಿ ಮಧ್ಯೆ ಕೀ ಇಲ್ಲ ಅನ್ನೋ ಎಚ್ಚರಿಕೆ ಬರ್ತಿದೆ. ಪಕ್ಕದಲ್ಲಿ ಕೂತು ನೋಡಿದೆ. ಫೋನನ್ನು ಚಾರ್ಜಿಂಗ್ ಪ್ಯಾಡ್ ಮೇಲಿಟ್ಟು, ಅದರ ಪಕ್ಕದ ಗೂಡಿನಲ್ಲೇ ಕೀ ಹಾಕ್ತಿದ್ದರು. "ಮೇಡಂ, ಕೀ ತೆಗೆದು ಹ್ಯಾಂಡ್‌ಬ್ಯಾಗಿಗೆ ಹಾಕಿ, ಬ್ಯಾಗ್ ಪಕ್ಕದ ಸೀಟಿನ ಮೇಲಿಡಿ" ಅಂದೆ. ಬನಶಂಕರಿ ಬಸ್ ಸ್ಟ್ಯಾಂಡ್ ತನಕ ಹೋಗಿ ಬಂದೆವು, ಎಚ್ಚರಿಕೆ ಬರಲಿಲ್ಲ. ಒಂದು ಪೈಸೆಯ ಕೆಲಸ ಇರಲಿಲ್ಲ. ಎರಡು ಕೀಗಳನ್ನು ಒಂದೇ ಗೊಂಚಲಲ್ಲಿ ಇಟ್ಟುಕೊಳ್ಳೋದು, ಸ್ಟೀಲ್ ಡಬ್ಬಿಯಲ್ಲಿ ಹಾಕೋದು ಕೂಡ ಇದೇ ತೊಂದರೆ ಕೊಡುತ್ತೆ. ಟಿವಿ ಟವರ್, ದೊಡ್ಡ ಎಲ್‌ಇಡಿ ಪರದೆ, ಏರ್‌ಪೋರ್ಟ್ ಹತ್ತಿರ ಹೀಗಾಗಬಹುದು ಅಂತ ಕಂಪನಿಗಳ ಪುಸ್ತಕದಲ್ಲೇ ಬರೆದಿರ್ತಾರೆ. ನಮ್ಮಲ್ಲಿ ಜೆ.ಸಿ. ನಗರದ ಟಿವಿ ಟವರ್ ಸುತ್ತಮುತ್ತ ಗಾಡಿ ಹಟ ಹಿಡಿದರೆ ಮೊದಲು ಕೀಯನ್ನು ಬಟನ್ನಿಗೆ ತಾಗಿಸಿ ನೋಡಿ.

ಸೆಲ್ ಬದಲಿಸೋದು ಮನೆಯಲ್ಲೇ ಆಗೋ ಕೆಲಸ. ಹೆಚ್ಚಿನ ಕೀಗಳಿಗೆ ಸಿಆರ್ 2032. ಅಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, 3 ವೋಲ್ಟ್. ಸಿಆರ್ 2025 ನೋಡೋಕೆ ಒಂದೇ ಥರ, ಆದರೆ ದಪ್ಪ 2.5 ಮಾತ್ರ. ಅದನ್ನು ಹಾಕಿದರೆ ಸಡಿಲವಾಗಿ ಕೂತು, ಒಂದು ಸಲ ತಾಗಿ ಒಂದು ಸಲ ತಾಗದೆ ತಲೆ ತಿನ್ನುತ್ತೆ. ಹಳೇ ಸೆಲ್ ಮೇಲಿನ ನಂಬರ್ ನೋಡಿಯೇ ತನ್ನಿ. ಎಸ್.ಪಿ. ರೋಡಿನಲ್ಲಿ ಬೇಕಾದಷ್ಟು ಸಿಗುತ್ತೆ, ಆದರೆ ಬಿಡಿಯಾಗಿ ತಟ್ಟೆಯಲ್ಲಿ ಗುಡ್ಡೆ ಹಾಕಿದ್ದನ್ನು ನಾನು ತಗೊಳ್ಳಲ್ಲ. ಒಂದಕ್ಕೊಂದು ತಾಗಿ ಅಲ್ಲೇ ಅರ್ಧ ಖಾಲಿ ಆಗಿರುತ್ತೆ. ಪ್ಯಾಕ್ ಮೇಲೆ ತಾರೀಖು ಇರೋದನ್ನೇ ತಗೊಳ್ಳಿ.

ಕೀ ಬಿಚ್ಚುವಾಗ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿ, ಕಬ್ಬಿಣದ ಕೀ ತೆಗೆದ ಸಂದಿಯಿಂದಲೇ ಮೀಟಿ. ಪ್ಲಸ್ ಯಾವ ಕಡೆ ಇತ್ತು ಅಂತ ಫೋಟೋ ತೆಗೆದುಕೊಳ್ಳಿ. ಹೊಸ ಸೆಲ್ಲನ್ನು ಅಂಚಲ್ಲಿ ಹಿಡಿದು ಕೂರಿಸಿ. ಮಕ್ಕಳು ಬಾಯಿಗೆ ಹಾಕದಿರಲಿ ಅಂತ ಕೆಲವು ಸೆಲ್ಲುಗಳಿಗೆ ಕಹಿ ಲೇಪನ ಹಚ್ಚಿರ್ತಾರೆ, ಆ ಲೇಪನದಿಂದ ಕೆಲವು ಕೀಗಳಲ್ಲಿ ಕಾಂಟ್ಯಾಕ್ಟ್ ಸರಿಯಾಗಿ ಸಿಗಲ್ಲ. ಹೊಸ ಸೆಲ್ ಹಾಕಿದರೂ ಕೆಲಸ ಮಾಡದಿದ್ದರೆ ಲೇಪನ ಇಲ್ಲದ್ದು ಹಾಕಿ ನೋಡಿ. ಮೀಟರಿನಲ್ಲಿ 2.9 ವೋಲ್ಟ್ ತೋರಿಸಿತು, ಸೆಲ್ ಚೆನ್ನಾಗಿದೆ ಅಂತ ತೀರ್ಮಾನಿಸಬೇಡಿ. ಸುಮ್ಮನೆ ಇರುವಾಗ ಹಾಗೆ ತೋರಿಸಿ, ಕೀ ಒತ್ತಿದ ಕ್ಷಣ ಕುಸಿಯೋ ಸೆಲ್ಲುಗಳೇ ಜಾಸ್ತಿ. ಸೆಲ್ ತೆಗೆದರೆ ಗಾಡಿ ಗುರುತು ಹಿಡಿಯೋ ಕೋಡ್ ಅಳಿಸಿಹೋಗುತ್ತಾ ಅಂತ ಎಲ್ಲರೂ ಕೇಳ್ತಾರೆ. ಸಾಮಾನ್ಯವಾಗಿ ಇಲ್ಲ, ಅದು ಚಿಪ್ಪಿನಲ್ಲಿ ಉಳಿದಿರುತ್ತೆ.

ಹಳೇ ಸೆಲ್ಲಿಗೆ ಟೇಪ್ ಸುತ್ತಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.

ಸೆಲ್ ಬೇಗ ಬೇಗ ಖಾಲಿ ಆಗ್ತಿದ್ದರೆ ಕೀ ಎಲ್ಲಿ ಇಡ್ತೀರಿ ನೋಡಿ. 30-40 ಸೈಟಿನ ಮನೆಗಳಲ್ಲಿ ಗಾಡಿ ಪೋರ್ಟಿಕೋದಲ್ಲಿ, ಕೀ ನೇತುಹಾಕೋ ಮೊಳೆ ಅದೇ ಗೋಡೆಯ ಒಳಬದಿಯಲ್ಲಿ. ಗಾಡಿ ಕೂಗಿದಾಗಲೆಲ್ಲ ಕೀ ಎದ್ದು ಎದ್ದು ಸೆಲ್ ತಿನ್ನುತ್ತೆ. ಒಳಗಿನ ರೂಮಿಗೆ ಸಾಗಿಸಿ. ಟಿವಿ, ಇಂಡಕ್ಷನ್ ಸ್ಟವ್ ಪಕ್ಕವೂ ಬೇಡ.

ಇನ್ನು ಬಟನ್ನಿಗೆ ತಾಗಿಸಿದರೂ ಆಗಲಿಲ್ಲವಾ? ಡ್ಯಾಶ್‌ಬೋರ್ಡ್ ದೀಪ ಮಂಕಾಗಿದ್ದರೆ, ಟಕ ಟಕ ಸದ್ದು ಬಂದರೆ ಅದು ಗಾಡಿಯ 12 ವೋಲ್ಟ್ ಬ್ಯಾಟರಿ ಕಥೆ. ವರ್ಕ್ ಫ್ರಂ ಹೋಮ್ ಅಂತ ವಾರಗಟ್ಟಲೆ ನಿಲ್ಲಿಸಿದ ಗಾಡಿಗಳದ್ದು ಇದೇ ಪಾಡು. ನಿಂತ ಗಾಡಿಯ ಬ್ಯಾಟರಿ 12.6 ಆಸುಪಾಸು ಇರಬೇಕು. 12ಕ್ಕಿಂತ ಕೆಳಗಿದ್ದರೆ ಜಂಪ್ ಬೇಕು, ಅಂದರೆ ಇನ್ನೊಂದು ಗಾಡಿಯ ಬ್ಯಾಟರಿಯಿಂದ ವೈರ್ ಎಳೆದು ಸ್ಟಾರ್ಟ್ ಮಾಡಬೇಕು. ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೇ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೇದರ ಮೈನಸ್‌ಗೆ, ಕೊನೆ ತುದಿ ನಿಮ್ಮ ಗಾಡಿಯ ಎಂಜಿನ್ನಿನ ಬಣ್ಣ ಇಲ್ಲದ ಕಬ್ಬಿಣಕ್ಕೆ. ಈ ಕೆಲಸ ಮುಗಿಯೋ ತನಕ ಕೀ ನಿಮ್ಮ ಜೇಬಿನಲ್ಲೇ ಇರಲಿ, ಸೀಟಿನ ಮೇಲೆ ಬೇಡ.

ದೀಪ ಎಲ್ಲ ಚೆನ್ನಾಗಿದ್ದು, ಬಟನ್ ಒತ್ತಿದರೆ ಬರೀ ರೇಡಿಯೋ ಆನ್ ಆದರೆ ಬ್ರೇಕ್ ಕಡೆ ನೋಡಿ. ಬ್ರೇಕ್ ಒತ್ತಿದ ಸುದ್ದಿ ಗಾಡಿಗೆ ಮುಟ್ಟದಿದ್ದರೆ ಅದು ಸ್ಟಾರ್ಟ್ ಆಗಲ್ಲ, ನಾವು ಕೀಯನ್ನು ಬೈತಿರ್ತೀವಿ. ಎಂಜಿನ್ ಆಫ್ ಇದ್ದಾಗ ನಾಲ್ಕಾರು ಸಲ ತುಳಿದರೆ ಪೆಡಲ್ ಕಲ್ಲಿನಂತೆ ಗಟ್ಟಿ ಆಗುತ್ತೆ. ಆಗ ಭಾರ ಹಾಕಿ ತುಳಿಯಬೇಕು. ಹಿಂದಿನ ಗೋಡೆ ಮೇಲೆ ಕೆಂಪು ಬೆಳಕು ಬೀಳ್ತಿದೆಯಾ ಕನ್ನಡಿಯಲ್ಲಿ ನೋಡಿ. ಬೀಳದಿದ್ದರೆ ಬ್ರೇಕ್ ಲೈಟ್ ಸ್ವಿಚ್ ಅಥವಾ ಫ್ಯೂಸ್ ಹೋಗಿದೆ. ಹತ್ತಿರದ ಎಲೆಕ್ಟ್ರಿಷಿಯನ್ ಅಲ್ಲೇ ಬಂದು ಹಾಕಿ ಕೊಡ್ತಾರೆ.

ಮಳೆಯಲ್ಲಿ ನೆಂದ ಕೀಯನ್ನು ಬಿಚ್ಚಿ, ಸೆಲ್ ತೆಗೆದು, ನೆರಳಲ್ಲಿ ಒಂದು ದಿನ ಒಣಗಿಸಿ. ಹೇರ್ ಡ್ರೈಯರ್ ಬಿಸಿ ಹಿಡಿಯಬೇಡಿ.

ಎರಡನೇ ಕೀ ತಾಗಿಸಿದರೂ ಗಾಡಿ ಒಪ್ಪದಿದ್ದರೆ ಮಾತ್ರ ಗಾಡಿಯ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿ ನೋಡೋ ಕೆಲಸ. ಆಗ ಇರೋ ಕೀಗಳನ್ನೆಲ್ಲ ತನ್ನಿ. ಹೊಸ ಕೀ ಕೂರಿಸುವಾಗ ಎದುರಿಗಿಲ್ಲದ ಕೀ ಕೆಲವು ಗಾಡಿಗಳಲ್ಲಿ ಅಳಿಸಿಹೋಗುತ್ತೆ. ಒಂದು ಕೀ ಕಳೆದೇ ಹೋಗಿದ್ದರೆ ಅದನ್ನು ಗಾಡಿಯ ಮೆಮೊರಿಯಿಂದ ತೆಗೆದಿದ್ದೀರಾ ಅಂತ ಅಲ್ಲೇ ನಿಂತು ಕೇಳಿ.