ಗೊತ್ತಿದ್ದೂ ಬದಲಾಗದ ಸಂಸ್ಥೆಗಳು: ನಾಯಕರು ಎಲ್ಲಿಂದ ಶುರು ಮಾಡಬೇಕು?

ಫೋಟೋ ಫಿಲ್ಮ್ ಮಾಡುತ್ತಿದ್ದ ಅಮೆರಿಕದ ಕಂಪನಿ ಕೊಡ್ಯಾಕ್ ಯಾಕೆ ಮುಳುಗಿತು ಅಂತ ಕೇಳಿದರೆ ತುಂಬಾ ಜನ ಒಂದೇ ಉತ್ತರ ಕೊಡುತ್ತಾರೆ: ಡಿಜಿಟಲ್ ಕ್ಯಾಮೆರಾ ಬರುತ್ತಿರುವುದು ಅವರಿಗೆ ಕಾಣಲಿಲ್ಲ. ಆದರೆ ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೇ ಅವರ ಲ್ಯಾಬಿನಲ್ಲಿ, 1975ರಲ್ಲಿ. ಅದನ್ನು ಜೋಡಿಸಿದ್ದು ಸ್ಟೀವನ್ ಸ್ಯಾಸನ್ ಅನ್ನುವ ಎಂಜಿನಿಯರ್. ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಹಿಡಿಯುತ್ತಿತ್ತು. ಕಂಪನಿ ದಿವಾಳಿ ಅರ್ಜಿ ಹಾಕಿದ್ದು 2012ರ ಜನವರಿಯಲ್ಲಿ. ಮಧ್ಯೆ 36 ವರ್ಷ ಇತ್ತು! ಡಿಜಿಟಲ್‌ಗೆ ಅವರು ಆಮೇಲೆ ಹಣವನ್ನೂ ಹಾಕಿದರು, ಆದರೆ ಫಿಲ್ಮಿನಿಂದ ಬರುತ್ತಿದ್ದ ಲಾಭವನ್ನು ಕೈಯಾರೆ ಕಡಿಮೆ ಮಾಡಿಕೊಳ್ಳುವುದು ಅವರಿಂದ ಆಗಲಿಲ್ಲ.

ಅದಕ್ಕೇ ನಾನು ಹೇಳುವುದು, ಹೆಚ್ಚಿನ ಸಂಸ್ಥೆಗಳಲ್ಲಿ ಬದಲಾವಣೆಯ ಸುದ್ದಿ ಯಾರಿಗೋ ಒಬ್ಬರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವವರಿಗೂ ನಿರ್ಧಾರ ಮಾಡುವವರಿಗೂ ನಡುವೆ ದೂರ ಜಾಸ್ತಿ, ಅಷ್ಟೇ. ಕಾಲ ನಿಧಾನವಾಗಿ ನಡೆಯುವಾಗ ಈ ದೂರ ಅಷ್ಟು ತೊಂದರೆ ಕೊಡುವುದಿಲ್ಲ, ಐದು ವರ್ಷದ ಪ್ಲಾನ್ ಹಾಕಿಕೊಂಡು ದಾರಿಯಲ್ಲಿ ತಿದ್ದಿಕೊಂಡು ಹೋಗಬಹುದು. ಕಾಲ ಓಡುವಾಗ ಹಾಗಲ್ಲ. 2020ರಲ್ಲಿ ಕೆಲವೇ ವಾರಗಳಲ್ಲಿ ಜಗತ್ತಿನ ಎಷ್ಟೋ ಆಫೀಸುಗಳು ಮನೆಗೆ ಹೋದವು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಬರೆಯುವ, ಕೋಡ್ ಮಾಡುವ, ಗ್ರಾಹಕರಿಗೆ ಉತ್ತರಿಸುವ ಕೆಲಸಗಳೆಲ್ಲ ಒಂದೊಂದಾಗಿ ಪ್ರಶ್ನೆಗೆ ಸಿಕ್ಕವು. ಇಂಥ ಹೊತ್ತಲ್ಲಿ ಮೇಲೆ ಕೂತ ಒಬ್ಬರೇ ಎಲ್ಲವನ್ನೂ ಮೊದಲೇ ಊಹಿಸಲು ಸಾಧ್ಯವಿಲ್ಲ. ಬೇಗ ತಿಳಿದುಕೊಂಡು ಬೇಗ ಹೊಂದಿಕೊಳ್ಳುವ ರೂಢಿ ಬೆಳೆಸಬಹುದು. ಅದು ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಕೆಲಸವಲ್ಲ, ಈಗಲೇ ಶುರುವಾಗಬೇಕು.

ಮೊದಲು ಕೆಟ್ಟ ಸುದ್ದಿಗೆ ದಾರಿ ಮಾಡಿ

ಕೆಟ್ಟ ಸುದ್ದಿ ಮೇಲೆ ಹೋಗ್ತಾ ಹೋಗ್ತಾ ಮೆತ್ತಗಾಗುತ್ತದೆ. ಕೆಳಗೆ ಒಬ್ಬರು "ಗ್ರಾಹಕರು ಬಿಟ್ಟು ಹೋಗ್ತಿದ್ದಾರೆ" ಅಂದದ್ದು ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ "ಸ್ವಲ್ಪ ಸವಾಲುಗಳಿವೆ" ಆಗಿರುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಪ್ರತಿಯೊಬ್ಬರೂ ಒಂಚೂರು ಒರಟು ತೆಗೆದಿರುತ್ತಾರೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಒಂದು ಸಣ್ಣ ತಂಡ ನೋಡಿಕೊಳ್ಳುತ್ತಿದ್ದಾಗ ತಂಡದ ಕಿರಿಯ ಹುಡುಗಿಯೊಬ್ಬಳು ಮೂರು ಸಲ ಬಂದು ಹೇಳಿದಳು, ನಮ್ಮ ಅರ್ಜಿ ಫಾರ್ಮನ್ನು ಜನ ಅರ್ಧಕ್ಕೇ ಬಿಡುತ್ತಿದ್ದಾರೆ ಅಂತ. ಮೂರು ಸಲವೂ "ನೋಡೋಣ" ಅಂದೆ. ಆಮೇಲೆ ಅವಳು ಹೇಳುವುದನ್ನೇ ನಿಲ್ಲಿಸಿದಳು. ಸಮಸ್ಯೆ ಬಗೆಹರಿಯಿತು ಅಂದುಕೊಂಡೆ. ನಿಜವಾಗಿ ನಿಂತಿದ್ದು ಸುದ್ದಿ ಬರುವುದು ಮಾತ್ರ. ಇದನ್ನು ನೆನೆದರೆ ಇವತ್ತಿಗೂ ಬೇಸರವಾಗುತ್ತದೆ.

ಹಾಗಾಗಿ ಹೀಗೆ ಮಾಡಿ. ಗ್ರಾಹಕರ ಫೋನ್ ಎತ್ತುವವರು, ಕೌಂಟರಿನಲ್ಲಿ ಕೂರುವವರು, ಕೆಟ್ಟ ಮಾಲು ವಾಪಸ್ ತೆಗೆದುಕೊಳ್ಳುವವರು, ಇವರ ಜೊತೆ ವಾರಕ್ಕೆ ಅರ್ಧ ಗಂಟೆ ಕೂರಿ. ಅವರ ಮ್ಯಾನೇಜರ್ ಅಲ್ಲಿ ಇರುವುದು ಬೇಡ. "ಎಲ್ಲ ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಉತ್ತರ ಬರುತ್ತದೆ, ಅಲ್ವಾ? ಬದಲಿಗೆ "ಈ ವಾರ ಮೊದಲ ಸಲ ಬಂದ ಪ್ರಶ್ನೆ ಯಾವುದು?" ಅಂತ ಕೇಳಿ. "ನೀವು ನಿಯಮ ಬಿಟ್ಟು ಕೆಲಸ ಮಾಡಬೇಕಾಗಿ ಬಂದದ್ದು ಎಲ್ಲಿ?" ಅಂತ ಕೇಳಿ. ಉತ್ತರ ಬಂದಾಗ ಸಮರ್ಥನೆ ಕೊಡಬೇಡಿ, ಬರೆದುಕೊಳ್ಳಿ. ಮುಂದಿನ ವಾರ ಅದರ ಬಗ್ಗೆ ಏನು ಮಾಡಿದಿರಿ ಅಂತ ನೀವೇ ಹೋಗಿ ಹೇಳಿ. ಏನೂ ಮಾಡದಿದ್ದರೆ ಯಾಕೆ ಮಾಡಲಿಲ್ಲ ಅನ್ನುವುದನ್ನಾದರೂ ಹೇಳಿ. ಇದೊಂದನ್ನು ಬಿಟ್ಟರೆ ಮೂರನೇ ವಾರಕ್ಕೆ ಎಲ್ಲರೂ ಮೌನವಾಗುತ್ತಾರೆ.

ಟೊಯೋಟಾದ ಕಾರ್ಖಾನೆಗಳಲ್ಲಿ ಅಸೆಂಬ್ಲಿ ಲೈನಿನ ಯಾವ ಕೆಲಸಗಾರ ಬೇಕಾದರೂ ತಪ್ಪು ಕಂಡರೆ ಹಗ್ಗ ಎಳೆದೋ ಗುಂಡಿ ಒತ್ತಿಯೋ ಸಹಾಯಕ್ಕೆ ಕರೆಯಬಹುದು. ಬೇಗ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಎಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳನ್ನು ನೋಡಿದಾಗ, ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪುಗಳು ವರದಿಯಾಗುತ್ತಿದ್ದದ್ದು ಅವರಿಗೆ ಅಚ್ಚರಿ ತಂದಿತ್ತು. ಅವರು ಕೊಟ್ಟ ವಿವರಣೆ ಸರಳ: ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ನಿಮ್ಮ ತಂಡದಿಂದ ಒಂದೂ ದೂರು ಬರುತ್ತಿಲ್ಲ ಅಂದರೆ ನೆಮ್ಮದಿಯಾಗಬೇಡಿ, ಚಿಂತೆ ಮಾಡಿ.

ಪ್ಲಾನಿನ ಕೆಳಗೆ ನಂಬಿಕೆಗಳನ್ನು ಬರೆಯಿರಿ

ಪ್ರತಿ ಪ್ಲಾನೂ ಮೂರ್ನಾಲ್ಕು ನಂಬಿಕೆಗಳ ಮೇಲೆ ನಿಂತಿರುತ್ತದೆ. "ನಮ್ಮ ದೊಡ್ಡ ಗ್ರಾಹಕರು ಇನ್ನೊಂದು ವರ್ಷ ಇರುತ್ತಾರೆ", "ಈ ಕೆಲಸ ಮನುಷ್ಯರೇ ಮಾಡಬೇಕು", ಹೀಗೆ. ಅವನ್ನು ಸುಮ್ನೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಪ್ರತಿಯೊಂದರ ಪಕ್ಕದಲ್ಲೂ ಅದು ಮುರಿಯಿತು ಅಂತ ತೋರಿಸುವ ಒಂದು ಗುರುತು ಬರೆಯಿರಿ, ಸಾಧ್ಯವಾದರೆ ಸಂಖ್ಯೆಯಲ್ಲಿ. ಯಾವತ್ತು ನೋಡುತ್ತೀರಿ, ಯಾರು ನೋಡುತ್ತಾರೆ ಅನ್ನುವುದೂ ಇರಲಿ. ಇದನ್ನು ಮನಸ್ಸು ಶಾಂತವಾಗಿರುವಾಗಲೇ ಮಾಡಬೇಕು, ಯಾಕೆಂದರೆ ಸಂಖ್ಯೆ ಇಳಿಯಲು ಶುರುವಾದ ಮೇಲೆ "ಇದು ತಾತ್ಕಾಲಿಕ" ಅಂತ ಹೇಳಲು ನಮ್ಮೆಲ್ಲರಿಗೂ ಒಳ್ಳೊಳ್ಳೆ ಕಾರಣಗಳು ಸಿಕ್ಕೇ ಸಿಗುತ್ತವೆ.

ಹಿಂದಕ್ಕೆ ಬರಬಹುದಾದ ಹೆಜ್ಜೆಗಳನ್ನು ಬೇಗ ಇಡಿ

ಎಲ್ಲ ನಿರ್ಧಾರಕ್ಕೂ ಒಂದೇ ಅಳತೆಯ ಚರ್ಚೆ ಬೇಡ. ತಪ್ಪಾದರೆ ವಾಪಸ್ ಬರಬಹುದಾದ ಕೆಲಸವನ್ನು ಆ ತಂಡವೇ ನಿರ್ಧರಿಸಲಿ. ವಾಪಸ್ ಬರಲಾಗದ್ದನ್ನು ಮಾತ್ರ ಮೇಲಿನವರು ಸಮಯ ತೆಗೆದುಕೊಂಡು ಯೋಚಿಸಲಿ. ಪ್ರಯೋಗ ಮಾಡುವಾಗ ಎಷ್ಟು ಜನರ ಮೇಲೆ, ಎಷ್ಟು ದಿನ, ಏನಾದರೆ ನಿಲ್ಲಿಸುತ್ತೇವೆ, ಈ ಮೂರನ್ನು ಮೊದಲೇ ಬರೆದಿಡಿ.

2011ರಲ್ಲಿ ನೆಟ್‌ಫ್ಲಿಕ್ಸ್ ಇದನ್ನು ಕಷ್ಟಪಟ್ಟು ಕಲಿಯಿತು. ಮೊದಲು ಬೆಲೆ ಏರಿಸಿದರು. ಆಮೇಲೆ ಅಂಚೆಯಲ್ಲಿ ಡಿವಿಡಿ ಬಾಡಿಗೆಗೆ ಕಳಿಸುವ ತಮ್ಮ ಹಳೆಯ ವ್ಯವಹಾರವನ್ನು ಕ್ವಿಕ್‌ಸ್ಟರ್ ಅನ್ನುವ ಹೊಸ ಹೆಸರಿನಲ್ಲಿ ಬೇರೆ ಮಾಡುತ್ತೇವೆ ಅಂದರು. ಆ ವರ್ಷದ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮೂರು ತಿಂಗಳಲ್ಲಿ ಅಮೆರಿಕದಲ್ಲೇ ಸುಮಾರು 8 ಲಕ್ಷ ಚಂದಾದಾರರು ಕಡಿಮೆಯಾದರು. ಭವಿಷ್ಯ ಸ್ಟ್ರೀಮಿಂಗ್‌ನಲ್ಲಿದೆ ಅನ್ನುವುದು ಸರಿಯೇ ಇತ್ತು, ಆದರೆ ಗ್ರಾಹಕರನ್ನು ಜೊತೆಗೆ ಕರೆದುಕೊಂಡು ಹೋಗಲಿಲ್ಲ. ನನಗೆ ಇಷ್ಟವಾಗುವುದು ಮುಂದಿನ ಭಾಗ. ಕ್ವಿಕ್‌ಸ್ಟರ್ ಯೋಚನೆಯನ್ನು ಘೋಷಿಸಿ ಸುಮಾರು ಮೂರೇ ವಾರಕ್ಕೆ ಕೈಬಿಟ್ಟರು. ಮರ್ಯಾದೆ ಹೋಗುತ್ತದೆ ಅಂತ ಹಿಡಿದುಕೊಂಡು ಕೂರಲಿಲ್ಲ.

ಕೈಬಿಡುವುದನ್ನು ಕಲಿಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ ಭಾಗ ಇದು. ಹೊಸದನ್ನು ಸೇರಿಸಲು ಎಲ್ಲರೂ ತಯಾರು, ಹಳೆಯದನ್ನು ನಿಲ್ಲಿಸಲು ಯಾರೂ ಇಲ್ಲ. ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳಬಾರದು ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ.

ಇಂಟೆಲ್ ಶುರುವಾದದ್ದೇ ಮೆಮೊರಿ ಚಿಪ್ ಮಾಡಲು. 1980ರ ದಶಕದಲ್ಲಿ ಜಪಾನಿನ ಕಂಪನಿಗಳ ಎದುರು ಅದು ನಿಲ್ಲಲಾಗದೆ ಹೋಯಿತು. 1985ರಲ್ಲಿ ಕಂಪನಿಯ ಅಧ್ಯಕ್ಷ ಆಂಡಿ ಗ್ರೋವ್ ಅವರು ಸಿಇಒ ಗಾರ್ಡನ್ ಮೂರ್ ಅವರನ್ನು ಒಂದು ಪ್ರಶ್ನೆ ಕೇಳಿದರು: ನಮ್ಮನ್ನು ತೆಗೆದು ಹೊಸಬರನ್ನು ತಂದರೆ ಅವರು ಏನು ಮಾಡಬಹುದು? ಮೆಮೊರಿ ವ್ಯವಹಾರ ಬಿಡುತ್ತಾರೆ ಅಂತ ಮೂರ್ ಹೇಳಿದರು. ಹಾಗಾದರೆ ಅದನ್ನು ನಾವೇ ಮಾಡೋಣ ಅಂದರು ಗ್ರೋವ್. ಕಂಪನಿ ಮೈಕ್ರೋಪ್ರೊಸೆಸರ್ ಕಡೆ, ಅಂದರೆ ಕಂಪ್ಯೂಟರಿನ ಮಿದುಳಿನಂತಿರುವ ಚಿಪ್ ಕಡೆ ತಿರುಗಿತು. ಈ ಪ್ರಶ್ನೆಯನ್ನು ನೀವೂ ಆರು ತಿಂಗಳಿಗೊಮ್ಮೆ ಕೇಳಿಕೊಳ್ಳಿ, ಒಬ್ಬರೇ ಅಲ್ಲ, ನಿಮ್ಮ ಮಾತಿಗೆ ಎದುರು ಮಾತನಾಡುವವರೊಬ್ಬರನ್ನು ಎದುರು ಕೂರಿಸಿಕೊಂಡು.

ಇನ್ನೊಂದು ಪ್ರಶ್ನೆ: ನಾವು ಏನು ಮಾರುತ್ತೇವೆ ಅನ್ನುವುದಕ್ಕಿಂತ, ನಮಗೆ ಏನು ಗೊತ್ತು? ಕೊಡ್ಯಾಕ್ ಎದುರಾಳಿ ಫ್ಯೂಜಿಫಿಲ್ಮ್ ಇದನ್ನೇ ಮಾಡಿತು. ಫಿಲ್ಮ್ ಮಾಡುವಾಗ ಅವರಿಗೆ ಚರ್ಮದಲ್ಲೂ ಇರುವ ಕೊಲಾಜನ್ ಅನ್ನುವ ಪ್ರೋಟೀನ್ ಬಗ್ಗೆ, ಚಿತ್ರದ ಬಣ್ಣ ಮಾಸದಂತೆ ತಡೆಯುವ ರಸಾಯನಗಳ ಬಗ್ಗೆ ಆಳವಾದ ತಿಳಿವಳಿಕೆ ಇತ್ತು. ಅದರಿಂದ ಚರ್ಮದ ಆರೈಕೆಯ ಕ್ರೀಮುಗಳು ಬಂದವು. ತೆಳು ಫಿಲ್ಮ್ ಮಾಡುವ ಕೈಚಳಕ ಎಲ್‌ಸಿಡಿ ಪರದೆಗಳಿಗೆ ಬೇಕಾಯಿತು. ಇದು ನೋವಿಲ್ಲದೆ ಆಗಲಿಲ್ಲ, ಸಾವಿರಾರು ಜನರ ಕೆಲಸ ಹೋಯಿತು. ಆ ನೋವನ್ನು ಮುಚ್ಚಿಟ್ಟು ಬದಲಾವಣೆಯನ್ನು ಬರೀ ಹಬ್ಬದಂತೆ ಬಣ್ಣಿಸುವ ನಾಯಕರನ್ನು ಯಾರೂ ನಂಬುವುದಿಲ್ಲ.

ಮತ್ತೆ, ಟಾರ್ಗೆಟ್ ಬದಲಾಯಿಸದೆ ಜನ ಬದಲಾಗಲಿ ಅಂತ ಕಾಯಬೇಡಿ. ಬೋನಸ್ ಹಳೆಯ ಉತ್ಪನ್ನದ ಮಾರಾಟದ ಮೇಲೇ ನಿಂತಿದ್ದರೆ ಯಾವ ಭಾಷಣವೂ ಕೆಲಸ ಮಾಡುವುದಿಲ್ಲ. ತರಬೇತಿ, ಹೊಸ ಸಾಫ್ಟ್‌ವೇರ್ ಎಲ್ಲ ಇದರ ನಂತರ.

ಹಾಗಂತ ತಿಂಗಳಿಗೊಂದು ಹೊಸ ದಿಕ್ಕು ಹಿಡಿಯುವುದಕ್ಕೆ ಹೊಂದಿಕೊಳ್ಳುವುದು ಅನ್ನುವುದಿಲ್ಲ. ಹಾಗೆ ಮಾಡಿದರೆ ಜನ ದಣಿಯುತ್ತಾರೆ, "ಇದೂ ಹೋಗುತ್ತೆ ಬಿಡಿ" ಅಂತ ಕಾದು ಕೂರುತ್ತಾರೆ. ಏನು ಬದಲಾಗುತ್ತದೆ ಅಂತ ಹೇಳುವಾಗಲೇ ಏನು ಬದಲಾಗುವುದಿಲ್ಲ ಅನ್ನುವುದನ್ನೂ ಹೇಳಿ. "ಹೋದ ವರ್ಷ ನಾನು ಅಂದುಕೊಂಡದ್ದು ತಪ್ಪಾಗಿತ್ತು" ಅನ್ನುವ ಮಾತು ಮೊದಲು ನಿಮ್ಮ ಬಾಯಿಂದ ಬರಲಿ.

ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಸಣ್ಣದೊಂದು ಕೆಲಸ ಮಾಡಿ. ಕಾನೂನಿಗೆ ಬೇಕಿಲ್ಲದ, ಪ್ರತಿ ವಾರ ತಯಾರಾಗುವ ಒಂದು ರಿಪೋರ್ಟ್ ಆರಿಸಿ. ಎರಡು ವಾರ ಅದನ್ನು ಕಳಿಸಬೇಡಿ. ಯಾರಾದರೂ ಕೇಳುತ್ತಾರಾ ನೋಡಿ. ಯಾರೂ ಕೇಳದಿದ್ದರೆ ಅದನ್ನು ನಿಲ್ಲಿಸಿ, ಉಳಿದ ಆ ಸಮಯವನ್ನು ಫೋನ್ ಎತ್ತುವವರ ಜೊತೆಗಿನ ಅರ್ಧ ಗಂಟೆಗೆ ಕೊಡಿ.