ಹಗ್ಗ ಕೈಗೆ ಸುತ್ತಿಕೊಂಡಿದ್ದೆ

ನಮ್ಮ ಗೌರಿ ಒದೆಯುವ ಹಸುವಲ್ಲ. ಹಾಯುವ ಹಸುವೂ ಅಲ್ಲ. ಅದಕ್ಕೇ ನಾನು ಮೈಮರೆತಿದ್ದು.

ಮದ್ದೂರು ಕಡೆ ನಮ್ಮದು ನಾಲ್ಕು ಹಸುವಿನ ಕೊಟ್ಟಿಗೆ, ಎಲ್ಲವೂ ಎಚ್‌ಎಫ್ ಕ್ರಾಸ್, ಅಂದರೆ ವಿದೇಶಿ ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ ಮಿಶ್ರತಳಿ. ಆವತ್ತು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಊರಿಗೆ ಬಂದಿದ್ದರು. ಆರು ತಿಂಗಳಿಗೊಮ್ಮೆ ಬರುತ್ತಾರೆ. ಡೈರಿ ಮುಂದೆ ಗೌರಿಯನ್ನು ಹಿಡಿದು ನಿಂತಿದ್ದೆ. ಜಾರದಿರಲಿ ಅಂತ ಹಗ್ಗವನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಸೂಜಿ ಚುಚ್ಚುವುದಕ್ಕೂ ಬೈಕಿನವನೊಬ್ಬ ಹಿಂದೆ ಹಾರನ್ ಹೊಡೆಯುವುದಕ್ಕೂ ಸರಿಹೋಯಿತು. ನಾಲ್ಕು ನೂರು ಕೆಜಿ ಹಸು ಒಂದೇ ನೆಗೆತಕ್ಕೆ ಓಡಿತು. ನಾನು ಹಗ್ಗ ಬಿಡೋಣ ಅಂದರೆ ಅದು ನನ್ನನ್ನು ಬಿಡಬೇಕಲ್ಲ! ಐದಾರು ಮಾರು ಎಳೆದುಕೊಂಡು ಹೋಯಿತು. ಅಂಗೈ ಚರ್ಮ ಕಿತ್ತು ಬಂದಿತ್ತು, ಉಂಗುರದ ಬೆರಳು ಮುರಿದಿತ್ತು. ಬೆರಳು ಊದಿ, ಉಂಗುರವನ್ನು ಆಸ್ಪತ್ರೆಯಲ್ಲಿ ಕತ್ತರಿಸಿಯೇ ತೆಗೆದರು. ಗಾಯಕ್ಕೆ ಸಗಣಿ ಮಣ್ಣು ಮೆತ್ತಿತ್ತು, ಹಾಗಾಗಿ ಟಿಟಿ ಇಂಜೆಕ್ಷನ್ ಕೂಡ ಆಯಿತು.

ಆರು ವಾರ ಹಾಲು ಕರೆದವರು ನಮ್ಮತ್ತೆ. "ಹಗ್ಗವ ಕೈಗ್ ಸುತ್ಕೋಬ್ಯಾಡ ಕಣವ್ವ ಅಂತ ಎಷ್ಟ್ ಸಲ ಹೇಳಿದ್ದೆ?" ಅಂದರು. ಹೇಳಿದ್ದರು, ನಿಜ.

ಈಗ ಉಳಿದ ಹಗ್ಗವನ್ನು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯುತ್ತೇನೆ. ಜಗ್ಗಿದರೆ ಮುಷ್ಟಿ ತೆರೆದರಾಯಿತು, ಜಾರಿ ಹೋಗುತ್ತದೆ. ತಪ್ಪಿಸಿಕೊಂಡ ಹಸುವನ್ನು ಯಾರಾದರೂ ಅಡ್ಡ ಹಾಕುತ್ತಾರೆ ಬಿಡಿ. ಸೂಜಿ, ಔಷಧಿ ಅಂದರೆ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ ತುದಿ ಮಾತ್ರ ಹಿಡಿಯುತ್ತೇನೆ. ಎಳೆತವೆಲ್ಲ ಕಂಬದ ಮೇಲೆ. ಆದರೆ ಕೈ ಕಂಬದಿಂದ ದೂರ ಇರಬೇಕು. ಇಲ್ಲದಿದ್ದರೆ ಹಗ್ಗಕ್ಕೂ ಕಂಬಕ್ಕೂ ನಡುವೆ ಬೆರಳು ಸಿಕ್ಕಿಕೊಳ್ಳುತ್ತದೆ.

ಇನ್ನೊಂದು. ಹಸುವಿಗೆ ನೇರ ಹಿಂದೆ ಇರುವುದು ಕಾಣುವುದಿಲ್ಲ. ಅದಕ್ಕೇ ಕೊಟ್ಟಿಗೆ ಬಾಗಿಲಲ್ಲೇ ಹೆಸರು ಕೂಗುತ್ತೇನೆ, ಆಮೇಲೆ ಪಕ್ಕದಿಂದ ಹೋಗಿ ಮೈ ಮುಟ್ಟುತ್ತೇನೆ. ಒದೆಯುವಾಗ ಹಸು ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸುತ್ತದೆ. ಸ್ವಲ್ಪ ದೂರ ಕೂತವರಿಗೇ ಏಟು ಜಾಸ್ತಿ. ಮೈಗೆ ಒತ್ತಿಕೊಂಡು ಕೂತರೆ ತಳ್ಳಿದ ಹಾಗಾಗುತ್ತದೆ ಅಷ್ಟೇ. ಈದು ಎರಡು ಮೂರು ದಿನ ಮಾತ್ರ ಗೌರಿಯನ್ನೂ ನಂಬುವುದಿಲ್ಲ. ತಾಯಿಗೂ ಕರುವಿಗೂ ನಡುವೆ ನಿಲ್ಲುವುದೇ ಇಲ್ಲ.

ಉಂಗುರಕ್ಕೆ ಬೆಸುಗೆ ಹಾಕಿಸಿದ್ದೇನೆ. ಎಡಗೈ ಬೆರಳಿನ ಗಿಣ್ಣು ದಪ್ಪಗಾಗಿದೆ, ಆ ಬೆರಳಿಗೆ ಅದು ಹೋಗುವುದಿಲ್ಲ. ಮದುವೆ, ಹಬ್ಬ ಅಂದರೆ ಬಲಗೈಗೆ ಹಾಕಿಕೊಳ್ಳುತ್ತೇನೆ. ಕೊಟ್ಟಿಗೆಗೆ ಹೋಗುವ ಮುಂಚೆ ಬಿಚ್ಚಿಡುತ್ತೇನೆ.